ಗಾಡಿ ನಮ್ಮದು, ಪುಸ್ತಕ ಯಾರದು?

ವಿಜಯಪುರದಿಂದ ಮುದ್ದೇಬಿಹಾಳಕ್ಕೆ ಹೊರಡುವ ಸಂಜೆ ಬಸ್ಸಿನಲ್ಲಿ ಒಂದು ದಿನ ಸುಮ್ಮನೆ ಸುತ್ತ ಕಣ್ಣಾಡಿಸಿರಿ. ಒಬ್ಬರ ತೊಡೆಯ ಮೇಲೆ ಕೂಸಿನ ಹಾಗೆ ಮಲಗಿರುವುದು ಏನು? ಕಾರಿನ ಸೈಲೆನ್ಸರು. ಇನ್ನೊಬ್ಬರ ಕೈಚೀಲದಲ್ಲಿ ಕ್ಲಚ್ ಪ್ಲೇಟು. ಮತ್ತೊಬ್ಬರ ಕಾಲಬುಡದಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಎಣ್ಣೆ ಎಣ್ಣೆ ಗಂಟು. ಇಂಡಿಯ ಬಸ್ಸಿಗೂ ಇದೇ ಕಥೆ, ಸಿಂದಗಿಯ ಬಸ್ಸಿಗೂ ಇದೇ ಕಥೆ. ನಮ್ಮ ತಾಲೂಕುಗಳ ಕಾರುಗಳು ರಸ್ತೆಯ ಮೇಲೆ ಓಡುವ ಮೊದಲು ತುಂಡು ತುಂಡಾಗಿ ಬಸ್ಸಿನಲ್ಲಿ ಓಡಾಡುತ್ತವೆ!

ನಗಬೇಡಿರಿ. ಈ ಗಂಟು ಹಿಡಿದು ಕುಳಿತವರಲ್ಲಿ ಈ ಅಂಕಣ ಬರೆಯುವವನೂ ಒಬ್ಬ. ಅದರ ಕಥೆ ಹೇಳುವುದಕ್ಕೇ ಇವತ್ತು ಕುಳಿತಿದ್ದೇನೆ. ಕಥೆಯ ಕೊನೆಯಲ್ಲಿ ಒಂದು ತಕರಾರಿದೆ. ಅದು ನನ್ನೊಬ್ಬನದಲ್ಲ, ನಿಮ್ಮದೂ ಹೌದು.

2016ರಲ್ಲಿ ನಾನೊಂದು ಹಳೆಯ ಸಣ್ಣ ಕಾರು ಕೊಂಡೆ. ಕಂಪನಿಯ ಹೆಸರು ಬೇಡ, ಜಗಳ ಒಂದು ಕಂಪನಿಯ ಮೇಲಲ್ಲ. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ನಿಲ್ಲಿಸಿದಾಗ ಪೇಢಾ ಹಂಚಿದ್ದೂ ಆಯಿತು. ಮೂರು ವರ್ಷ ಚೆನ್ನಾಗಿಯೇ ಓಡಿತು. 2019ರ ಬೇಸಿಗೆಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಗಾಲಿಯಿಂದ ಕಬ್ಬಿಣ ಉಜ್ಜಿದ ಸದ್ದು ಬರತೊಡಗಿತು. ಮಿಸ್ತ್ರಿ ಕಾಕಾನ ಹತ್ತಿರ ಹೋದರೆ ಲಗ್ನದ ಸೀಜನ್ನು, ಗ್ಯಾರೇಜಿನ ಮುಂದೆ ಜೀಪುಗಳ ಸಾಲು. “ಬ್ರೇಕ್ ಪ್ಯಾಡ್ ಸವದಾವ್ರಿ. ಇವತ್ತ ಆಗೂದಿಲ್ಲ, ನಾಳಿ ಬರ್ರಿ” ಅಂದ. ಮಿಸ್ತ್ರಿಗಳ ನಾಳಿ ಯಾವಾಗ ಬರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ.

ಆಗ ತಲೆಗೆ ಹೊಳೆಯಿತು. ಓದು ಬರಹ ಬಲ್ಲವನು ನಾನು. ಸೊಲ್ಲಾಪುರದ ಹಳೇ ಪುಸ್ತಕದ ಅಂಗಡಿಯಲ್ಲಿ ಅದೇ ಕಾರಿನ ರಿಪೇರಿ ಪುಸ್ತಕ ಕಂಡು, ಚೌಕಾಸಿ ಮಾಡಿ ತಂದಿಟ್ಟಿದ್ದೆ. ದಪ್ಪ ಪುಸ್ತಕ, ಪುಟ ಪುಟಕ್ಕೂ ಚಿತ್ರ. ಪ್ಯಾಡ್ ಬದಲಿಸುವುದಕ್ಕೆ ಎರಡೇ ಪುಟ! ಎರಡು ಪುಟದ ಕೆಲಸಕ್ಕೆ ಮಿಸ್ತ್ರಿ ಯಾಕೆ ಬೇಕು?

ಮನೆಯಾಕೆ ಅಂದಳು, “ಪುಸ್ತಕಾ ಓದಿ ಹೋಳಿಗಿ ಮಾಡಿದ್ರ ಹರದು ಹೋಗ್ತಾವ್ರಿ. ಇದು ಬ್ರೇಕ್ ಐತಿ.” ಕೇಳಲಿಲ್ಲ.

ಮೂರು ಭಾನುವಾರ

ಮೊದಲ ಭಾನುವಾರ. ಗಾಡಿಯನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಿಲ್ಲಿಸಬೇಕೆಂದು ಪುಸ್ತಕ ಹೇಳಿತು. ನಮ್ಮ ಮನೆಯ ಮುಂದೆ ಇರುವುದು ಎರೆ ಮಣ್ಣು. ಬಿಸಿಲಿಗೆ ಗೇಣಗಲ ಬಿರುಕು ಬಿಡುತ್ತದೆ, ನೀರು ಬಿದ್ದರೆ ಮೊಣಕಾಲ ಮಟ ಹೂಳುತ್ತದೆ. ಜಾಕ್ ತಿರುಗಿಸಿದೆ. ಗಾಡಿ ಮೇಲೇಳಲಿಲ್ಲ, ಜಾಕ್ ಕೆಳಗಿಳಿಯಿತು. ಕೊನೆಗೆ ಹಳೇ ಬಾಗಿಲದ ಹಲಿಗೆ ತಂದು ಅಡಿಗಿಟ್ಟಾಗ ಗಾಲಿ ಎದ್ದಿತು. ಆಮೇಲೆ ಗಾಲಿಯ ನಟ್ಟಿಗೆ ಪಾನಾ ಹಾಕಿದರೆ ನಟ್ಟಿನ ಜೊತೆ ಗಾಲಿಯೂ ಗರಗರ ತಿರುಗಿತು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲು ಮಾಡಬೇಕಂತೆ. ಅದು ಹಿಂದಿನ ಪುಟದಲ್ಲಿತ್ತು. ನಾನು ಮುಂದಿನ ಪುಟದಲ್ಲಿದ್ದೆ.

ಎರಡನೇ ಭಾನುವಾರ. ಪುಸ್ತಕದ ಚಿತ್ರದಲ್ಲಿ ಒಂದು ಕೈ ಇದೆ. ಉಗುರಿನಲ್ಲಿ ಮಣ್ಣಿಲ್ಲ, ಅಂಗಿಯ ತೋಳಿನಲ್ಲಿ ಕಲೆಯಿಲ್ಲ. ಆ ಕೈ ಬಿಚ್ಚುವ ಬೋಲ್ಟು ಬೆಳ್ಳಿಯಂತೆ ಹೊಳೆಯುತ್ತದೆ. ನನ್ನ ಗಾಡಿಯ ಬೋಲ್ಟು ಎಲ್ಲಿದೆ ಎಂದು ಹುಡುಕುವುದಕ್ಕೇ ಅರ್ಧ ತಾಸು ಬೇಕಾಯಿತು. ಧೂಳು, ಗ್ರೀಸು, ಮಳೆಗಾಲದ ಕೆಸರು ಎಲ್ಲ ಸೇರಿ ಗಾರೆಯ ಹಾಗೆ ಕಟ್ಟಿಕೊಂಡಿದ್ದವು. ಕೆರೆದು ತೆಗೆದರೆ ಒಳಗೆ ತುಕ್ಕು. ಬೋಲ್ಟು ತಿರುಗದಿದ್ದರೆ ಏನು ಮಾಡಬೇಕು? ಆ ಎರಡು ಪುಟದಲ್ಲಿ ಆ ಮಾತೇ ಇಲ್ಲ. ತಿರುಗುತ್ತದೆ ಎಂದುಕೊಂಡೇ ಪುಸ್ತಕ ಬರೆದಿದ್ದಾರೆ. ಬೋಲ್ಟನ್ನು ವಾಪಸು ಎಷ್ಟು ಬಿಗಿ ಮಾಡಬೇಕೆಂದು ಮಾತ್ರ ಲೆಕ್ಕ ಕೊಟ್ಟಿದ್ದಾರೆ, ಇಷ್ಟು ನ್ಯೂಟನ್ ಮೀಟರ್ ಎಂದು. ಅದನ್ನು ಅಳೆಯುವ ಪಾನಾ ಕೇಳಿದರೆ ಸ್ಪೇರ್ ಪಾರ್ಟ್ ಅಂಗಡಿಯವರು ನಕ್ಕರು. “ಅದು ಕಂಪನಿ ಗ್ಯಾರೇಜನ್ಯಾಗ ಇರ್ತೈತ್ರಿ. ನಮ್ಮ ಮಂದಿಗೆ ಕೈನ ಮೀಟರು!”

ಜೋರು ಹಾಕಿದೆ. ಬೋಲ್ಟಿನ ಮೂಲೆಗಳು ಸವೆದು ದುಂಡಗಾದವು. ಗಾಡಿಯ ಕೆಳಗೆ ಬಾಗಿ ನೋಡುವಾಗ ಎಡ ಯಾವುದು, ಬಲ ಯಾವುದು ಎಂಬುದೇ ಮರೆತುಹೋಗುತ್ತದೆ. ಬಿಚ್ಚುತ್ತಿದ್ದೇನೆಂದು ತಿಳಿದು ಹತ್ತು ನಿಮಿಷ ಬಿಗಿ ಮಾಡಿದ್ದೆ. ಎದುರಿಗಿನ ಕಿರಾಣಿ ಅಂಗಡಿಯ ಸಾವ್ಕಾರರು ಕಟ್ಟೆಯ ಮೇಲಿಂದಲೇ ಕೂಗಿದರು, “ಡೀಸೆಲ್ ಹಾಕಿ ರಾತ್ರಿಯೆಲ್ಲಾ ಬಿಡ್ರಿ ಗುರುಗಳ, ಮುಂಜಾನಿ ತಾನ ಬರ್ತೈತಿ.” ಹಾಗೆಯೇ ಮಾಡಿದೆ. ಮುಂಜಾನೆ ಬಂತು! ಕಾರಿನ ರಿಪೇರಿ ಪುಸ್ತಕದಲ್ಲಿ ಇಲ್ಲದ ವಿದ್ಯೆ ಕಿರಾಣಿ ಅಂಗಡಿಯಲ್ಲಿ ಸಿಕ್ಕಿತು. ಆದರೆ ಸವೆದ ಬೋಲ್ಟಿನ ಬದಲಿಗೆ ಹೊಸದು ಬೇಕಾಯಿತು. ಹಾಗಾಗಿ ಗಾಡಿ ವಾರವಿಡೀ ಕಲ್ಲಿನ ಮೇಲೆ, ನಾನು ವಾರವಿಡೀ ಬಸ್ಸಿನಲ್ಲಿ.

ಮೂರನೇ ಭಾನುವಾರ. ಪ್ಯಾಡು ವಿಜಯಪುರದಿಂದ ಬಸ್ಸಿನಲ್ಲಿ ಬಂತು. ಕೂಡಲಿಲ್ಲ. ಒಂದೇ ಹೆಸರಿನ ಗಾಡಿಗೆ ಎರಡು ತರಹದ ಪ್ಯಾಡ್ ಇವೆಯಂತೆ. ಅದು ಮುಂದಿನ ಬಸ್ಸಿಗೆ ವಾಪಸು ಹೋಗಿ, ಸಂಜೆಯ ಬಸ್ಸಿಗೆ ಸರಿಯಾದದ್ದು ಬಂತು. ಹೊಸ ಪ್ಯಾಡ್ ದಪ್ಪ ಇರುವುದರಿಂದ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದೆ. ಬಾನೆಟ್ಟಿನ ಕೆಳಗಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿ ಹೊರಗೆ ಹರಿದು, ಬಿದ್ದಲ್ಲೆಲ್ಲ ಬಣ್ಣ ಕಿತ್ತಿತು. ಇರಲಿ. ಪ್ಯಾಡ್ ಕೂತಿತು, ಗಾಲಿ ಕೂತಿತು. ಬಿಚ್ಚಿದ್ದರ ಉಲ್ಟಾ ಕ್ರಮದಲ್ಲಿ ಜೋಡಿಸಿರಿ ಎಂದು ಪುಸ್ತಕ ಒಂದೇ ಮಾತಿನಲ್ಲಿ ಮುಗಿಸಿತ್ತು. ನಾನೂ ಮುಗಿಸಿದೆ. ಮೀಸೆಯ ಮೇಲೆ ಕೈ ಹಾಕಿಕೊಂಡು ಗಾಡಿ ಶುರು ಮಾಡಿದೆ.

ನಮ್ಮ ಓಣಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರಿದೆ. ಗಾಡಿ ಇಳಿಯತೊಡಗಿತು. ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಗಾಡಿ ನಿಲ್ಲಲಿಲ್ಲ. ಮುಂದೆ ಕಿರಾಣಿ ಅಂಗಡಿಯ ಕಟ್ಟೆ, ಕಟ್ಟೆಯ ಕೆಳಗೆ ಗೋಲಿ ಆಡುತ್ತಿದ್ದ ಇಬ್ಬರು ಹುಡುಗರು. ಹ್ಯಾಂಡ್ ಬ್ರೇಕ್ ಎಳೆದೆ. ಅದು ಬೇರೆ ವ್ಯವಸ್ಥೆ, ಆಯಿಲ್ ಅಲ್ಲ, ತಂತಿಯಿಂದ ಹಿಂದಿನ ಗಾಲಿಗಳನ್ನು ಹಿಡಿಯುವಂಥದ್ದು. ಹಿಡಿಯಿತು. ಹುಡುಗರಿಗೂ ಗಾಡಿಗೂ ಎರಡು ಮೊಳ ಅಂತರ.

ಆ ಎರಡು ಮೊಳ ನೆನೆದರೆ ಈಗಲೂ ನಡುರಾತ್ರಿ ಎಚ್ಚರವಾಗುತ್ತದೆ.

ಒಂದು ಶಬ್ದದ ತಪ್ಪು

ಮಿಸ್ತ್ರಿ ಕಾಕಾ ಓಡಿ ಬಂದ. ಗಾಡಿಯೊಳಗೆ ಕುಳಿತು ಪೆಡಲನ್ನು ನಾಲ್ಕೈದು ಸಲ ಒತ್ತಿ ಒತ್ತಿ ಬಿಟ್ಟ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಅಷ್ಟೇ! ಪಿಸ್ಟನ್ ಹಿಂದೆ ಸರಿದಿರುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಸಂದು ಉಳಿದಿರುತ್ತದೆ. ಹಲವು ಸಲ ಒತ್ತಿದ ಮೇಲೆಯೇ ಪಿಸ್ಟನ್ ಮುಂದೆ ಬಂದು ಪ್ಯಾಡು ಡಿಸ್ಕನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ಬ್ರೇಕ್ ಇದ್ದೂ ಇಲ್ಲದ ಹಾಗೆ.

“ಇದು ಪುಸ್ತಕದಾಗ ಬರದಿಲ್ಲೇನ್ರಿ?” ಅಂದ.

ತೆಗೆದು ನೋಡಿದೆ. ಬರೆದಿತ್ತು. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ಆ ಸಾಲಿನಲ್ಲಿ ಪೆಡಲ್ ಒತ್ತುವುದಕ್ಕೆ ‘ಡಿಪ್ರೆಸ್’ ಎಂಬ ಶಬ್ದ ಹಾಕಿದ್ದರು. ನನಗೆ ಗೊತ್ತಿದ್ದ ಡಿಪ್ರೆಸ್ ಅಂದರೆ ಮನಸ್ಸು ಕುಗ್ಗುವುದು. ಪೆಡಲಿಗೆ ಯಾಕೆ ಮನಸ್ಸು ಕುಗ್ಗುತ್ತದೆ ಎಂದು ಅರ್ಥವಾಗದೆ ಆ ಸಾಲು ಬಿಟ್ಟು ಮುಂದೆ ಹೋಗಿದ್ದೆ.

ಓದುಗರೇ, ಇಬ್ಬರು ಹುಡುಗರ ಜೀವ ಒಂದು ಇಂಗ್ಲಿಷ್ ಶಬ್ದದ ಮೇಲೆ ತೂಗಾಡಿತು. ನಾನು ಓದು ಬರಹ ಬಲ್ಲವನು. ಬಾರದವರ ಗತಿ ಏನು?

ಆಗ ಮಿಸ್ತ್ರಿ ಕಾಕಾ ಹೇಳಿದ ಮಾತನ್ನು ಇಲ್ಲಿ ದಾಖಲು ಮಾಡಬೇಕು. “ನನಗ ಪುಸ್ತಕಾ ಓದಾಕ ಬರೂದಿಲ್ಲ, ನಿಮಗ ಕೆಲಸಾ ಬರೂದಿಲ್ಲ. ಇಬ್ರೂ ಕೂಡಿದ್ರ ಒಬ್ಬ ಪೂರಾ ಮಿಸ್ತ್ರಿ ಆಗ್ತಾನ ನೋಡ್ರಿ!”

ನಕ್ಕುಬಿಟ್ಟೆ. ಆದರೆ ನಗುವ ಮಾತಲ್ಲ ಅದು. ನಮ್ಮ ಜಿಲ್ಲೆಯ ರಿಪೇರಿ ವಿದ್ಯೆಯ ಪೂರಾ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಬರಹದ ವಿದ್ಯೆ ಇಂಗ್ಲಿಷಿನಲ್ಲಿ ಒಂದು ಕಡೆ, ಕೈಯ ವಿದ್ಯೆ ಕನ್ನಡದಲ್ಲಿ ಇನ್ನೊಂದು ಕಡೆ. ನಡುವೆ ಗಾಡಿ ಮಾಲೀಕ ಕುರುಡ.

ಬೋರ್ಡಿಗೆ ಶೇಕಡಾ 60, ಬ್ರೇಕಿಗೆ ಸೊನ್ನೆ

ಅಂಗಡಿಕಾರ ಬಂಧುಗಳಿಗೆ ಚೆನ್ನಾಗಿ ನೆನಪಿರಬೇಕು. 2024ರಲ್ಲಿ ರಾಜ್ಯ ಸರಕಾರ ಕಾನೂನು ತಿದ್ದಿ, ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ಮಾಡಿತು. ಒಳ್ಳೆಯದೇ ಆಯಿತು, ನಾವೂ ಸ್ವಾಗತ ಮಾಡಿದೆವು. ಆದರೆ ಕೇಳುತ್ತೇನೆ, ಬೋರ್ಡು ಓದದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ಬ್ರೇಕಿನ ಪುಟ ಓದದಿದ್ದರೆ ಎಲ್ಲಿಗೆ ಹೋಗುತ್ತಾನೆ? ನನ್ನ ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಕೈಪಿಡಿಯಲ್ಲಿ ಒಂದಕ್ಷರ ಕನ್ನಡ ಇಲ್ಲ. ಪರಿಚಯದ ಹತ್ತಾರು ಮಂದಿಯ ಗಾಡಿಗಳಲ್ಲಿ ನೋಡಿದೆ, ಅಲ್ಲೂ ಇಲ್ಲ. ಬಹಳ ಮಂದಿ ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿಲ್ಲ. ಒಳಗೆ ಇನ್ಶೂರೆನ್ಸ್ ಕಾಗದ ಇಟ್ಟುಕೊಂಡಿದ್ದಾರೆ!

ಮೊದಲು ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರ ಕಾಲದ ಗಾಡಿಗಳು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಬಾನೆಟ್ ಎತ್ತಿದರೆ ಒಳಗೆ ಆಳು ನಿಲ್ಲುವಷ್ಟು ಜಾಗ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಕೂಡಿಸಿದರೆ ಮತ್ತೆ ಓಡುತ್ತಿತ್ತು. ನಾಲ್ಕು ಪಾನಾ, ಒಂದು ಪಕ್ಕಡ, ಒಂದು ಸುತ್ತಿಗೆ ಸಾಕಾಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರು, 796 ಸಿಸಿ. ಮಿಸ್ತ್ರಿಗಳು ಅದನ್ನೂ ಬಿಚ್ಚಿ ಬಿಚ್ಚಿ ಕಲಿತುಕೊಂಡರು. 2014ರಲ್ಲಿ ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತಿತು.

ಈಗಿನ ಗಾಡಿ ಬೇರೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳಿಗೆಲ್ಲ ಬಿಎಸ್ 6 ನಿಯಮ. ಇಂಜಿನ್ನಿನ ಮೇಲೆ ಕಂಪ್ಯೂಟರ್ ಕಾವಲು. ಏನಾದರೂ ಕೆಟ್ಟರೆ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಯಾಕೆ ಹತ್ತಿತು ಎಂದು ತಿಳಿಯಲು ಸ್ಕ್ಯಾನರ್ ಚುಚ್ಚಬೇಕು. ಸ್ಕ್ಯಾನರ್ ಇಂಗ್ಲಿಷಿನಲ್ಲಿ ಒಂದು ನಂಬರು ಹೇಳುತ್ತದೆ. ಮೂವತ್ತು ವರ್ಷ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮಿಸ್ತ್ರಿ ಕಾಕಾ ಆ ನಂಬರಿನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. “ವಿಜಯಪುರಕ್ಕ ಒಯ್ರಿ” ಅನ್ನುತ್ತಾನೆ.

ವಿಜಯಪುರಕ್ಕೆ ಒಯ್ಯುವುದೆಂದರೆ ಏನೆಂದು ವ್ಯಾಪಾರಸ್ಥರಿಗೆ ಹೇಳಬೇಕೆ? ಇಂಡಿಯ ನಿಂಬೆಹಣ್ಣಿನ ವ್ಯಾಪಾರಿಯ ಗಾಡಿ ಬೇಸಿಗೆಯಲ್ಲಿ ಎರಡು ದಿನ ನಿಂತರೆ ಮಾಲು ಬಾಡುತ್ತದೆ, ದರ ಬೀಳುತ್ತದೆ. ಸಿಂದಗಿಯ ಬಟ್ಟೆ ಅಂಗಡಿಯವರು ಕಲಬುರಗಿ ರಸ್ತೆಯ ಬದಿಗೆ ಗಾಡಿ ಕೆಟ್ಟು ನಿಂತರೆ ಮಾಲು ಬಿಟ್ಟು ಬರುವ ಹಾಗಿಲ್ಲ, ಕಾಯುತ್ತ ಕೂಡುವ ಹಾಗೂ ಇಲ್ಲ. ಮುದ್ದೇಬಿಹಾಳದಿಂದ ಗಾಡಿ ಎಳೆಸಿಕೊಂಡು ಹೋದರೆ ಎಳೆಸಿದ ಖರ್ಚೇ ರಿಪೇರಿಗಿಂತ ಹೆಚ್ಚು. ಅದಕ್ಕೇ ಜನ ಮನೆಯಲ್ಲೇ ಕೈ ಹಾಕುತ್ತಾರೆ. ಹವ್ಯಾಸಕ್ಕಲ್ಲ ಸ್ವಾಮಿ, ಗತಿಯಿಲ್ಲದೆ. ಈಗ ಪುಸ್ತಕದ ಬದಲು ಮೊಬೈಲಿನಲ್ಲಿ ವಿಡಿಯೋ ನೋಡಿ ಕೈ ಹಾಕುವವರೂ ಇದ್ದಾರೆ. ವಿಡಿಯೋದ ಬೋಲ್ಟೂ ಬೆಳ್ಳಿಯಂತೆ ಹೊಳೆಯುವಂಥದ್ದೇ.

ಬೇರೆಯವರು ಏನು ಮಾಡಿದ್ದಾರೆ?

ಇಂಗ್ಲೆಂಡಿನಲ್ಲಿ ಜಾನ್ ಹೇನ್ಸ್ ಎಂಬಾತ 1966ರಿಂದ ಮನೆಯಲ್ಲೇ ಕಾರು ರಿಪೇರಿ ಮಾಡುವವರಿಗೆ ಪುಸ್ತಕ ತಂದ. ಅವನ ಪದ್ಧತಿ ಸರಳ. ಒಂದು ನಿಜವಾದ ಕಾರು ತರುವುದು, ಪೂರಾ ಬಿಚ್ಚುವುದು, ಮತ್ತೆ ಜೋಡಿಸುವುದು. ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದು, ಕೈಗೆ ತಾಗಿದ ತೊಡಕನ್ನು ಬರೆಯುವುದು. ಕುರ್ಚಿಯಲ್ಲಿ ಕುಳಿತು ಬರೆದದ್ದಲ್ಲ, ಬಿಚ್ಚಿ ಬರೆದದ್ದು. ಅದಕ್ಕೇ ಅವು ಲಕ್ಷಗಟ್ಟಲೆ ಮಾರಾಟವಾದವು.

ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಜನರೇ ಮತ ಹಾಕಿ, ಕಂಪನಿಗಳು ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ಮಾಡಿದರು. ನಮ್ಮಲ್ಲೂ ಸುಮ್ಮನಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂದು ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಅಂತರ್ಜಾಲದಲ್ಲಿ ಒಂದು ತಾಣವನ್ನೂ ತೆರೆಯಿತು. ರೈತರ ಯಂತ್ರ, ಮೊಬೈಲು, ಮನೆಬಳಕೆಯ ಸಾಮಾನುಗಳ ಜೊತೆ ಮೋಟಾರು ಗಾಡಿಗಳೂ ಅದರಲ್ಲಿ ಸೇರಿವೆ. ಸಂತೋಷ. ಆದರೆ ತಿಳಿಯದ ಭಾಷೆಯಲ್ಲಿ ಕೊಟ್ಟ ಹಕ್ಕು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ ರೊಟ್ಟಿ.

ನಮ್ಮ ಊರು ಬಸವಣ್ಣನವರು ಹುಟ್ಟಿದ ಊರು. ದೊಡ್ಡ ವಿಚಾರವನ್ನು ಜನರ ಮಾತಿನಲ್ಲೇ ಹೇಳಬಹುದೆಂದು ಹನ್ನೆರಡನೇ ಶತಮಾನದಲ್ಲೇ ಶರಣರು ತೋರಿಸಿಕೊಟ್ಟರು. ಮಾದಾರ, ಅಂಬಿಗ, ಮಡಿವಾಳ ಎಲ್ಲರೂ ತಮ್ಮ ಕಾಯಕದ ಮಾತಿನಲ್ಲೇ ಹೇಳಿದರು. ದೇವರ ವಿಷಯವನ್ನೇ ಕನ್ನಡದಲ್ಲಿ ಹೇಳಲು ಬಂದಮೇಲೆ ಬ್ರೇಕಿನ ವಿಷಯ ಹೇಳಲು ಬರುವುದಿಲ್ಲವೇ?

ಆಗಬೇಕಾದದ್ದು ಏನು?

ಒಂದು, ಕಂಪನಿಗಳು. ಕರ್ನಾಟಕದಲ್ಲಿ ಗಾಡಿ ಮಾರುವವರು ಗಾಡಿಯ ಜೊತೆ ಕನ್ನಡದ ಕೈಪಿಡಿ ಕೊಡಲಿ. ಅಷ್ಟು ದಪ್ಪ ಪುಸ್ತಕ ಆಗದಿದ್ದರೆ ಎಂಟು ಪುಟ ಸಾಕು. ಬ್ರೇಕು, ಟೈಯರು, ಜಾಕು, ಎಚ್ಚರಿಕೆಯ ದೀಪ, ಈ ನಾಲ್ಕು ವಿಷಯ ನಮ್ಮ ಮಾತಿನಲ್ಲಿ ಇರಲಿ. ಬೋರ್ಡಿಗೆ ಕಾನೂನು ಮಾಡಿದ ಸರಕಾರಕ್ಕೆ ಇದನ್ನು ಕೇಳುವ ಬಾಯಿ ಇದೆ.

ಎರಡು, ಐಟಿಐಗಳು. ಮೋಟಾರು ಮೆಕ್ಯಾನಿಕ್ ಕಲಿಯುವುದು ಎರಡು ವರ್ಷದ ಕೋರ್ಸು. ಹುಡುಗರು ಹೇಗೂ ಗಾಡಿ ಬಿಚ್ಚುತ್ತಾರೆ. ಬಿಚ್ಚುವಾಗಲೇ ಹೇನ್ಸ್ ಮಾಡಿದ ಹಾಗೆ ಫೋಟೋ ತೆಗೆದು ಕನ್ನಡದಲ್ಲಿ ಬರೆದಿಡಲಿ. ಊರಿನ ಹಳೇ ಮಿಸ್ತ್ರಿಯನ್ನು ಒಂದು ದಿನ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ತುಕ್ಕು ಹಿಡಿದ ಬೋಲ್ಟಿಗೆ ಡೀಸೆಲ್, ಎರೆ ಮಣ್ಣಿನಲ್ಲಿ ಜಾಕಿನಡಿ ಹಲಿಗೆ, ಈ ಮಾತು ಬರೆಯುವವರು ನಮ್ಮವರೇ ಆಗಬೇಕು. ವರ್ಷಕ್ಕೆ ಒಂದು ಗಾಡಿಯದು ಬರೆದರೂ ಹತ್ತು ವರ್ಷದಲ್ಲಿ ನಮ್ಮ ರಸ್ತೆಯ ಮೇಲಿರುವ ಮುಖ್ಯ ಗಾಡಿಗಳೆಲ್ಲ ಮುಗಿಯುತ್ತವೆ.

ಮೂರು, ಸ್ಪೇರ್ ಪಾರ್ಟ್ ಅಂಗಡಿಯವರು ಮತ್ತು ಮಿಸ್ತ್ರಿಗಳು. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆದುಕೊಡಿರಿ, ಬಸ್ಸಿನಲ್ಲಿ ಎರಡು ಸಲ ಓಡಾಡುವುದು ತಪ್ಪುತ್ತದೆ. ಮಿಸ್ತ್ರಿಯಾದವನು ತೆಗೆದ ಹಳೇ ಪಾರ್ಟನ್ನು ಮಾಲೀಕನ ಕೈಗೆ ಕೊಟ್ಟು, ಯಾಕೆ ತೆಗೆದೆ ಎಂದು ಎರಡು ಮಾತು ಹೇಳಲಿ. ಗಿರಾಕಿ ಶಾಣ್ಯಾ ಆದರೆ ಧಂದೆ ಹಾಳಾಗುವುದಿಲ್ಲ. ಸಂಶಯ ಕಡಿಮೆಯಾಗುತ್ತದೆ, ಅಷ್ಟೇ.

ಇನ್ನು ನಾವು, ಗಾಡಿ ಇಟ್ಟುಕೊಂಡವರು. ಮನೆಯಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿವೆ. ಇಂಜಿನ್ ಆಯಿಲಿನ ಕಡ್ಡಿ ಒರೆಸಿ ಮಟ್ಟ ನೋಡಿರಿ. ಟೈಯರಿನ ಹವಾ ನೋಡಿರಿ. ನಮ್ಮ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ತೆಗೆದು ಝಾಡಿಸಿರಿ. ಸ್ಟೆಪ್ನಿ ಹಾಕುವುದನ್ನು ಮನೆಯ ಹೆಣ್ಣುಮಕ್ಕಳಿಗೂ ಕಲಿಸಿರಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಇಂಜಿನ್ ಬಿಸಿ ಇರುವಾಗ ತೆಗೆಯಬೇಡಿರಿ, ಕುದಿನೀರು ಮುಖಕ್ಕೆ ಹಾರುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಮಲಗಬೇಡಿರಿ. ಬ್ರೇಕು, ಸ್ಟೇರಿಂಗು, ಪೆಟ್ರೋಲಿನ ಪೈಪು, ಈ ಮೂರಕ್ಕೆ ಕಲಿತ ಕೈಯೇ ಬೇಕು. ಅದು ‘ನಾಳಿ ಬರ್ರಿ’ ಅಂದರೂ ಪರವಾಗಿಲ್ಲ, ನಾಳೆಯವರೆಗೆ ಬಸ್ಸಿದೆ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅವರು ಹರಿಸುವ ತನಕ ನಾನು ಒಂದು ಕೆಲಸ ಮಾಡಿಟ್ಟಿದ್ದೇನೆ. ಆ ಸೊಲ್ಲಾಪುರದ ಪುಸ್ತಕ ಈಗ ಮಿಸ್ತ್ರಿ ಕಾಕಾನ ಗ್ಯಾರೇಜಿನಲ್ಲಿದೆ. ಪುರಸೊತ್ತಾದಾಗ ನಾನು ಓದಿ ಅರ್ಥ ಹೇಳುತ್ತೇನೆ, ತಪ್ಪಿದ್ದಲ್ಲಿ ಅವನು ತಿದ್ದುತ್ತಾನೆ, ಅವನ ಮಗ ಪೆನ್ಸಿಲಿನಿಂದ ಅಂಚಿನಲ್ಲಿ ಕನ್ನಡದಲ್ಲಿ ಬರೆಯುತ್ತಾನೆ. ಬ್ರೇಕಿನ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿದೆ: “ಗಾಡಿ ಬಿಡೂ ಮೊದಲ ಪೆಡಲ್ ಗಟ್ಟಿ ಆಗೂತನಕಾ ಒತ್ತು. ಮುಂದ ಹುಡುಗರು ಇರ್ತಾವ.”

ಇಷ್ಟು ಬರೆಯಲು ಖರ್ಚಾದದ್ದು ಅರ್ಧ ಇಂಚು ಪೆನ್ಸಿಲು.